ಕೆಮ್ಮು ಶುರುವಾಗಿ ಎಷ್ಟು ದಿನವಾಯಿತು?

(ತುಮಕೂರಿನ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳಿಗೂ ಊರಿನವರಿಗೂ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದುಹೋದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಮಾನ್ಯರೇ,

ಪ್ರಾರ್ಥನೆ, ಸ್ವಾಗತ ಮತ್ತು ನನ್ನ ಪರಿಚಯ ಮುಗಿಯುವಷ್ಟರಲ್ಲಿ ಈ ಸಭಾಂಗಣದಲ್ಲಿ ಒಂಬತ್ತು ಬಾರಿ ಕೆಮ್ಮು ಕೇಳಿಸಿತು. ಮೂವತ್ತು ವರ್ಷಗಳನ್ನು ಎದೆಯ ಕಾಯಿಲೆಯವರ ನಡುವೆ ಕಳೆದವನಿಗೆ ಅದನ್ನು ಎಣಿಸದೆ ಕೂರುವುದು ಕಷ್ಟ. ಸಂಕ್ರಾಂತಿ ಕಳೆದಿದೆ, ಶಿವರಾತ್ರಿ ಇನ್ನೂ ಬಂದಿಲ್ಲ. ಚಳಿ ‘ಶಿವ ಶಿವ’ ಎನ್ನುತ್ತ ಹೊರಟುಹೋಗಲು ಇನ್ನೂ ಕೆಲವು ದಿನಗಳಿವೆ. ಆ ಒಂಬತ್ತು ಕೆಮ್ಮುಗಳಲ್ಲಿ ಬಹುಪಾಲು ವೈರಸ್ಸಿನವು, ಒಂದೆರಡು ಧೂಳಿನವೋ ಬೀಡಿಯವೋ ಆಗಿರಬಹುದು. ಒಂದು ಬೇರೆಯದೇ ಆಗಿದ್ದರೂ ಆಶ್ಚರ್ಯವಿಲ್ಲ. ನಾಯಿಕೆಮ್ಮಿನಂಥ ಒಂದೆರಡನ್ನು ಬಿಟ್ಟರೆ, ಬರಿಯ ಸದ್ದು ಕೇಳಿ ಅದರ ಕಾರಣವನ್ನು ಹೇಳುವ ವಿದ್ಯೆ ನನಗೆ ಒಲಿದಿಲ್ಲ. ಆದರೆ ಒಂದು ಪ್ರಶ್ನೆ ಕೇಳಿದರೆ ಅರ್ಧ ದಾರಿ ಸವೆಯುತ್ತದೆ: ಶುರುವಾಗಿ ಎಷ್ಟು ದಿನವಾಯಿತು?

ಪ್ರಶ್ನೆ ಸರಳವಾಗಿ ಕಾಣುತ್ತದೆಯಾದರೂ ಅದರ ಹಿಂದೆ ಇರುವುದು ರೋಗಾಣುಗಳು ಬೆಳೆಯುವ ವೇಗ. ನ್ಯುಮೊಕಾಕಸ್ ಎಂಬ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ ಅರ್ಧ ಗಂಟೆಯೊಳಗೆ ಒಂದು ಎರಡಾಗುತ್ತದೆ. ಆದ್ದರಿಂದಲೇ ಅದು ತರುವ ನ್ಯುಮೋನಿಯಾ ಬೆಳಿಗ್ಗೆ ಹೊಲಕ್ಕೆ ಹೋದವನನ್ನು ಕತ್ತಲಾಗುವಷ್ಟರಲ್ಲಿ ಚಳಿಜ್ವರದಲ್ಲಿ ಮಲಗಿಸಬಲ್ಲದು. ಕ್ಷಯದ ಬ್ಯಾಕ್ಟೀರಿಯಾಕ್ಕೆ ಅದೇ ಕೆಲಸಕ್ಕೆ 15ರಿಂದ 20 ಗಂಟೆ ಬೇಕು. ಅದರ ರೋಗ ವಾರಗಟ್ಟಲೆ, ತಿಂಗಳುಗಟ್ಟಲೆ ತೆವಳುತ್ತದೆ. ವೈರಸ್ಸಿನ ಲೆಕ್ಕವೇ ಬೇರೆ. ಅದು ತಾನಾಗಿ ಬೆಳೆಯುವುದಿಲ್ಲ. ನಮ್ಮ ಜೀವಕೋಶದೊಳಗೆ ಹೊಕ್ಕು, ಆ ಕೋಶದ ಸಲಕರಣೆಗಳಿಂದಲೇ ತನ್ನ ಪ್ರತಿಗಳನ್ನು ಮಾಡಿಸಿಕೊಂಡು, ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಏರುವಷ್ಟು ಏರುತ್ತದೆ, ಮತ್ತು ಅಷ್ಟರಲ್ಲಿ ಎಚ್ಚೆತ್ತುಕೊಂಡ ದೇಹವು ವಾರದ ಹೊತ್ತಿಗೆ ತಕ್ಕ ಪ್ರತಿಕಾಯಗಳನ್ನು ಸಿದ್ಧಪಡಿಸಿ ಅದನ್ನು ಅಡಗಿಸುತ್ತದೆ.

ಇವೆಲ್ಲ ಒಳಗೆ ಬರುವ ದಾರಿಯನ್ನು ಸ್ವಲ್ಪ ನೋಡೋಣ. ನಾವು ದಿನವೊಂದಕ್ಕೆ ಸುಮಾರು 10,000 ಲೀಟರ್ ಗಾಳಿಯನ್ನು ಒಳಗೆಳೆದುಕೊಳ್ಳುತ್ತೇವೆ. ಶ್ವಾಸನಾಳವು ಎರಡಾಗಿ, ನಾಲ್ಕಾಗಿ, ಹೀಗೆ ಸುಮಾರು 23 ಬಾರಿ ಕವಲೊಡೆದು ಕೊನೆಗೆ 30 ಕೋಟಿಗೂ ಮಿಕ್ಕ ಗಾಳಿಗೂಡುಗಳಲ್ಲಿ ಮುಗಿಯುತ್ತದೆ. ಅವನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್ ಆಗುತ್ತದೆ. ನಮ್ಮ ಬಡಾವಣೆಗಳಲ್ಲಿ ಮೂವತ್ತು–ನಲವತ್ತರ ಸೈಟಿನಲ್ಲಿ ಕಟ್ಟಿದ ಮನೆಯ ಒಂದು ಅಂತಸ್ತಿನಷ್ಟು. ದೇಹವನ್ನು ಹೊದ್ದ ಚರ್ಮ ಎರಡು ಚದರ ಮೀಟರನ್ನೂ ಮುಟ್ಟುವುದಿಲ್ಲ ಎಂಬುದನ್ನು ನೆನೆದರೆ, ಹೊರಜಗತ್ತಿಗೆ ನಾವು ಎಷ್ಟು ದೊಡ್ಡ ಬಾಗಿಲನ್ನು ತೆರೆದಿಟ್ಟುಕೊಂಡಿದ್ದೇವೆ ಎಂಬುದು ತಿಳಿಯುತ್ತದೆ. ಈ ಬಾಗಿಲನ್ನು ಕಾಯುವುದು ಶ್ವಾಸನಾಳದ ಒಳಗೋಡೆಯ ಲೋಳೆ ಮತ್ತು ಅದರಡಿಯ ಸೂಕ್ಷ್ಮ ರೋಮಗಳು. ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಬಾರಿ ಬಡಿಯುವ ಈ ರೋಮಗಳು ಧೂಳು, ರೋಗಾಣು ಎಲ್ಲವನ್ನೂ ಲೋಳೆಯಲ್ಲಿ ಸಿಕ್ಕಿಸಿಕೊಂಡು ಗಂಟಲಿನ ಕಡೆಗೆ ಮೇಲಕ್ಕೆ ತಳ್ಳುತ್ತಿರುತ್ತವೆ, ಮತ್ತು ನಾವು ಅದನ್ನು ಅರಿವಿಲ್ಲದೆ ನುಂಗುತ್ತಿರುತ್ತೇವೆ. ಬೀಡಿಯ ಹೊಗೆ, ಸೌದೆ ಒಲೆಯ ಹೊಗೆ ಇವನ್ನು ಜಡಗೊಳಿಸುತ್ತವೆ. ಕೆಮ್ಮು ಈ ಕಾವಲಿನ ಕೊನೆಯ ಸಾಲು. ಹಾಗಾಗಿ ಕೆಮ್ಮನ್ನೇ ರೋಗವೆಂದು ತಿಳಿದು ಅದರ ಬಾಯಿ ಮುಚ್ಚಿಸಲು ಹೊರಡುವುದು ಬೊಗಳಿದ್ದಕ್ಕೆ ನಾಯಿಯನ್ನು ಹೊಡೆದಂತೆ.

ವೈರಸ್ಸುಗಳಲ್ಲಿ ಅತಿ ಸಾಮಾನ್ಯವಾದದ್ದು ನೆಗಡಿಯ ರೈನೊವೈರಸ್. ಇದರಲ್ಲಿ 160ಕ್ಕೂ ಹೆಚ್ಚು ಬಗೆಗಳಿವೆ. ಒಂದರ ವಿರುದ್ಧ ಗಳಿಸಿದ ರೋಗನಿರೋಧಕ ಶಕ್ತಿ ಇನ್ನೊಂದಕ್ಕೆ ಅಷ್ಟಾಗಿ ನಾಟುವುದಿಲ್ಲ, ಆದ್ದರಿಂದ ಲಸಿಕೆಯೂ ಇಲ್ಲ, ವರ್ಷಕ್ಕೆ ಎರಡು ಮೂರು ಬಾರಿ ನೆಗಡಿಯಾಗುವುದೂ ತಪ್ಪುವುದಿಲ್ಲ. ಇದು ಚೆನ್ನಾಗಿ ಬೆಳೆಯುವುದು ಸುಮಾರು 33 ಡಿಗ್ರಿ ಉಷ್ಣತೆಯಲ್ಲಿ, ಅಂದರೆ ದೇಹದ ಒಳಗಿಗಿಂತ ತುಸು ತಣ್ಣಗಿರುವ ಮೂಗಿನಲ್ಲಿ. ಎದೆಗಿಂತ ಮೂಗಿಗೇ ಇದರ ಕಾಟ ಹೆಚ್ಚಾಗಲು ಅದೂ ಒಂದು ಕಾರಣ. ಎಳೆಯ ಮಕ್ಕಳಲ್ಲಿ ಆರ್‌ಎಸ್‌ವಿ ಎಂಬ ವೈರಸ್ ಅತಿ ಕಿರಿದಾದ ಶ್ವಾಸನಾಳಗಳಲ್ಲಿ ಊತ ತಂದು ಸುಯ್ಯೆನ್ನುವ ಉಸಿರಾಟವನ್ನು ಉಂಟುಮಾಡುತ್ತದೆ. ಕೊರೊನಾ ವೈರಸ್ಸಿನ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಅದರ ಮೇಲೆ ಒಂದೊಂದು ಗಂಟೆ ಉಪನ್ಯಾಸ ಕೊಡಬಲ್ಲವರು ಈ ಸಭೆಯಲ್ಲೇ ಇನ್ನೂರು ಜನರಿದ್ದೀರಿ.

ಇನ್‌ಫ್ಲುಯೆಂಜಾದ ಬಳಿ ಮಾತ್ರ ಸ್ವಲ್ಪ ನಿಲ್ಲಬೇಕು, ಏಕೆಂದರೆ ವೈರಸ್ ಮತ್ತು ಬ್ಯಾಕ್ಟೀರಿಯಾಗಳ ನಂಟು ಎಷ್ಟು ಗೋಜಲಿನದು ಎಂಬುದನ್ನು ಕಲಿಸಿದ್ದು ಅದು. 1892ರಲ್ಲಿ ಜರ್ಮನಿಯ ರಿಚರ್ಡ್ ಫೈಫರ್ ಫ್ಲೂ ರೋಗಿಗಳ ಕಫದಲ್ಲಿ ಒಂದು ಚಿಕ್ಕ ಬ್ಯಾಕ್ಟೀರಿಯಾವನ್ನು ಕಂಡು, ಫ್ಲೂ ಜ್ವರಕ್ಕೆ ಇದೇ ಕಾರಣವೆಂದು ಸಾರಿದ. ನಾಲ್ಕು ದಶಕಗಳ ನಂತರ, 1933ರಲ್ಲಿ, ಲಂಡನ್ನಿನಲ್ಲಿ ಮನುಷ್ಯರ ಫ್ಲೂ ವೈರಸ್ಸನ್ನು ಬೇರ್ಪಡಿಸಿದಾಗ ಅವನ ಬ್ಯಾಕ್ಟೀರಿಯಾ ನಿರಪರಾಧಿ ಎಂದಾಯಿತು. ಆದರೆ ಹೆಸರು ಅಳಿಸಲಿಲ್ಲ. ಅದು ಇಂದಿಗೂ ಹೀಮೋಫಿಲಸ್ ಇನ್‌ಫ್ಲುಯೆಂಜೆ. ಮಾಡದ ತಪ್ಪನ್ನು ಹೆಸರಿನಲ್ಲಿ ಹೊತ್ತುಕೊಂಡು ತಿರುಗುವ ಜೀವಿ ಇದೊಂದೇ ಇರಬೇಕು. ಹಾಗೆಂದು ಅದು ಸಾಧುವೇನೂ ಅಲ್ಲ: ಅದರ ಒಂದು ಬಗೆ ಶಿಶುಗಳಲ್ಲಿ ನ್ಯುಮೋನಿಯಾ ಮತ್ತು ಮಿದುಳು ಪೊರೆಯ ಉರಿಯೂತವನ್ನು ತರುತ್ತದೆ, ಮತ್ತು ಅಂಗನವಾಡಿಯಲ್ಲಿ ಮಕ್ಕಳಿಗೆ ಹಾಕುವ ಪೆಂಟಾವೇಲೆಂಟ್ ಲಸಿಕೆಯ ಐದು ಅಂಶಗಳಲ್ಲಿ ಒಂದು ಇದರ ವಿರುದ್ಧದ್ದು.

ಫೈಫರ್ ಎಡವಿದ್ದು ಎಲ್ಲಿ ಎಂದರೆ, ಜೊತೆಗೆ ಬಂದವನನ್ನು ಯಜಮಾನನೆಂದು ತಿಳಿದದ್ದರಲ್ಲಿ. 1918ರ ಜೂನ್ ಹೊತ್ತಿಗೆ ಬೊಂಬಾಯಿ ಬಂದರನ್ನು ಮುಟ್ಟಿ, ಆ ವರ್ಷದ ಕೊನೆಯೊಳಗೆ ಇಂಡಿಯಾ ಒಂದರಲ್ಲೇ ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂದ ಫ್ಲೂ ಮಾರಿಯನ್ನೇ ತೆಗೆದುಕೊಳ್ಳಿ. ಅಂದು ಸತ್ತವರ ಶ್ವಾಸಕೋಶದ ತುಣುಕುಗಳು ಅಮೆರಿಕದಲ್ಲಿ ಉಳಿದಿದ್ದವು. ಅವನ್ನೂ ಆ ಕಾಲದ ಶವಪರೀಕ್ಷೆಯ ವರದಿಗಳನ್ನೂ ವಿಜ್ಞಾನಿಗಳು ಮತ್ತೆ ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ತೀರ್ಮಾನದಂತೆ, ಹೆಚ್ಚಿನವರ ಪ್ರಾಣ ತೆಗೆದದ್ದು ವೈರಸ್ಸಿನ ಬೆನ್ನಿಗೆ ಬಂದ ಬ್ಯಾಕ್ಟೀರಿಯಾ ನ್ಯುಮೋನಿಯಾ. ವೈರಸ್ ಶ್ವಾಸನಾಳದ ಒಳಪದರವನ್ನು ಸುಲಿದುಹಾಕುತ್ತದೆ, ರೋಮಗಳು ನಿಲ್ಲುತ್ತವೆ, ಮತ್ತು ಅಲ್ಲಿಯವರೆಗೆ ಮೂಗು ಗಂಟಲಿನಲ್ಲಿ ಯಾರಿಗೂ ತೊಂದರೆ ಕೊಡದೆ ಬಿಡಾರ ಹೂಡಿದ್ದ ನ್ಯುಮೊಕಾಕಸ್ ಕೆಳಗಿಳಿದು ಗಾಳಿಗೂಡುಗಳನ್ನು ಸೇರುತ್ತದೆ.

ಇದನ್ನು ಇಷ್ಟು ವಿವರಿಸಿದ್ದಕ್ಕೆ ಕಾರಣವಿದೆ. ದಿನ ಎಣಿಸುವಾಗ ಒಟ್ಟು ಎಷ್ಟು ಎಂಬುದರ ಜೊತೆಗೆ ಜ್ವರ ಏರಿಳಿದ ಬಗೆಯನ್ನೂ ನೋಡಬೇಕು. ಮೊದಲ ಮೂರು ದಿನ ಜ್ವರ, ಆಮೇಲೆ ಇಳಿಮುಖ, ಊಟ ರುಚಿಸತೊಡಗಿತು ಎಂದರೆ ವೈರಸ್ ಹಿಂದೆ ಸರಿಯಿತು ಎಂದರ್ಥ. ಆದರೆ ‘ಬಿಟ್ಟಿತ್ತು, ಐದನೆಯ ದಿನ ಮತ್ತೆ ಚಳಿ ಹಿಡಿದು ಬಂತು, ಈಗ ಉಸಿರೆಳೆದರೆ ಪಕ್ಕೆ ಚುಚ್ಚುತ್ತದೆ, ಕಫ ತುಕ್ಕಿನ ಬಣ್ಣದಲ್ಲಿದೆ’ ಎಂದು ಯಾರಾದರೂ ಹೇಳಿದರೆ ಕಷಾಯ ಕಾಯಿಸುತ್ತ ಕೂರಬಾರದು.

ಐದು ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ದಿನಗಳನ್ನು ಎಣಿಸುವಷ್ಟು ಕಾಲಾವಕಾಶವೇ ಇರುವುದಿಲ್ಲ. ಅಲ್ಲಿ ಉಸಿರನ್ನು ಎಣಿಸಬೇಕು. ಮಗು ಅಳದೆ ಶಾಂತವಾಗಿರುವಾಗ ಅಂಗಿ ಎತ್ತಿ, ಗಡಿಯಾರ ಹಿಡಿದು, ಪೂರ್ತಿ ಒಂದು ನಿಮಿಷ ಎದೆ ಹೊಟ್ಟೆಗಳ ಏರಿಳಿತವನ್ನು ನೋಡಬೇಕು. ಎರಡು ತಿಂಗಳೊಳಗಿನ ಕೂಸಿಗೆ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷಕ್ಕೆ 40. ಎಣಿಕೆ ಇಷ್ಟನ್ನು ಮುಟ್ಟಿದರೆ ಅಥವಾ ದಾಟಿದರೆ ಅದನ್ನು ವೇಗದ ಉಸಿರು ಎನ್ನುತ್ತಾರೆ, ಮತ್ತು ಕೆಮ್ಮಿನೊಂದಿಗೆ ಅದು ಸೇರಿದರೆ ನ್ಯುಮೋನಿಯಾ ಎಂದೇ ಭಾವಿಸಿ ಆ ಮಗುವನ್ನು ಅಂದೇ ಆಸ್ಪತ್ರೆಗೆ ತೋರಿಸಬೇಕು. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆದುಕೊಂಡರೆ, ಮಗು ಹಾಲು ಬಿಟ್ಟರೆ, ಎಣಿಸುವುದನ್ನೂ ಬಿಟ್ಟು ಹೊರಡಬೇಕು. ಈ ಸಂಖ್ಯೆಗಳನ್ನು ನಿಮ್ಮೂರಿನ ಆಶಾ ಕಾರ್ಯಕರ್ತೆ ನನಗಿಂತ ಚೆನ್ನಾಗಿ ಬಲ್ಲಳು. ನ್ಯುಮೊಕಾಕಸ್ ವಿರುದ್ಧದ ಲಸಿಕೆಯನ್ನು 2017ರಲ್ಲಿ ಕೆಲವು ರಾಜ್ಯಗಳಲ್ಲಿ ಆರಂಭಿಸಿ 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಲಾಯಿತು. ಆರನೆಯ ವಾರ, ಹದಿನಾಲ್ಕನೆಯ ವಾರ ಮತ್ತು ಒಂಬತ್ತನೆಯ ತಿಂಗಳು ಎಂದು ತಾಯಿ ಕಾರ್ಡಿನಲ್ಲಿ ಬರೆದಿರುತ್ತದೆ. ಗಂಟಲುಮಾರಿ, ನಾಯಿಕೆಮ್ಮುಗಳನ್ನು ಇಂದಿನ ವೈದ್ಯ ವಿದ್ಯಾರ್ಥಿಗಳಲ್ಲಿ ಅನೇಕರು ಪುಸ್ತಕದಲ್ಲಿ ಮಾತ್ರ ಕಾಣುತ್ತಿರುವುದೂ ಲಸಿಕೆಯಿಂದಲೇ.

ಈಗ ಮಾತ್ರೆಯ ವಿಷಯ. ಪೆನಿಸಿಲಿನ್ ಜಾತಿಯ ಔಷಧಗಳು ಬ್ಯಾಕ್ಟೀರಿಯಾದ ಹೊರಗೋಡೆ ಕಟ್ಟುವ ಕೆಲಸವನ್ನು ಕೆಡಿಸುತ್ತವೆ, ಅಜಿತ್ರೊಮೈಸಿನ್ ಅದು ಪ್ರೋಟೀನು ತಯಾರಿಸುವುದನ್ನು ತಡೆಯುತ್ತದೆ. ವೈರಸ್ಸಿಗೆ ಅಂಥ ಗೋಡೆಯೂ ಇಲ್ಲ, ಪ್ರೋಟೀನು ಮಾಡುವ ಸ್ವಂತ ಕಾರ್ಖಾನೆಯೂ ಇಲ್ಲ. ನೆಗಡಿಗೆ ಮೂರು ದಿನದ ಮೂರು ಮಾತ್ರೆಯ ಪಟ್ಟಿಯನ್ನು ಅಂಗಡಿಯಿಂದ ಕೇಳಿ ತರುವವರು ‘ವಾಸಿಯಾಯಿತಲ್ಲ’ ಎನ್ನುತ್ತಾರೆ. ವಾಸಿಯಾಗುವ ದಿನ ಬಂದಿತ್ತು, ಆಯಿತು. ಮಾತ್ರೆ ಮಾಡಿದ ಕೆಲಸವೆಂದರೆ ಹೊಟ್ಟೆ ಗಂಟಲುಗಳಲ್ಲಿನ ಬ್ಯಾಕ್ಟೀರಿಯಾಗಳಲ್ಲಿ ಮೆತ್ತಗಿನವನ್ನು ಕೊಂದು ಗಟ್ಟಿಯವನ್ನು ಉಳಿಸಿದ್ದು. ಇನ್ನೊಂದು ತಪ್ಪು ಕಲ್ಪನೆ ವೈದ್ಯರಲ್ಲೂ ಇದೆ: ಕಫ ಹಸಿರಾದರೆ ಬ್ಯಾಕ್ಟೀರಿಯಾ ಎಂಬುದು. ಆ ಹಸಿರು ನಮ್ಮದೇ ಬಿಳಿರಕ್ತಕಣಗಳಲ್ಲಿರುವ ಕಬ್ಬಿಣಯುಕ್ತ ಕಿಣ್ವವೊಂದರ ಬಣ್ಣ. ವೈರಸ್ ಬಂದರೂ ಆ ಕಣಗಳು ಧಾವಿಸುತ್ತವೆ, ಸತ್ತು ಬಣ್ಣ ಬಿಡುತ್ತವೆ. ಬಣ್ಣ ನೋಡಿ ಆ್ಯಂಟಿಬಯೋಟಿಕ್ ಬರೆಯುವುದು ನನ್ನ ದೃಷ್ಟಿಯಲ್ಲಿ ಸೋಮಾರಿತನ. ಲಿವೊಫ್ಲಾಕ್ಸಾಸಿನ್ ಗುಂಪಿನ ಮಾತ್ರೆಗಳದ್ದಂತೂ ಇನ್ನೂ ದೊಡ್ಡ ಅಪಾಯ. ಅವು ಕ್ಷಯದ ಬ್ಯಾಕ್ಟೀರಿಯಾವನ್ನು ಅರೆಬರೆ ಕೊಲ್ಲುವುದರಿಂದ ರೋಗಿಗೆ ಕೆಲವು ದಿನ ಹಾಯೆನಿಸುತ್ತದೆ, ಪರೀಕ್ಷೆ ಮುಂದಕ್ಕೆ ಹೋಗುತ್ತದೆ, ರೋಗ ಒಳಗೇ ಮುಂದುವರಿಯುತ್ತದೆ.

ಕ್ಷಯದ ಮಾತು ಬಂದಿತು. ತುಮಕೂರಿನಲ್ಲಿ ನಿಂತು ಈ ವಿಷಯ ಮಾತನಾಡಲು ಒಪ್ಪಿದ್ದೇ ಇದಕ್ಕಾಗಿ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು, ಮರುವರ್ಷ ಸೆಪ್ಟೆಂಬರ್ 16ರಂದು ನೆಹರೂ ಅದನ್ನು ಉದ್ಘಾಟಿಸಿದರು. ದೇಶಕ್ಕೊಂದು ಕ್ಷಯ ನಿಯಂತ್ರಣ ಕಾರ್ಯಕ್ರಮವನ್ನು ರೂಪಿಸುವ ಹೊಣೆ ಹೊತ್ತ ಆ ಸಂಸ್ಥೆ 1960–61ರಲ್ಲಿ ಸಮೀಕ್ಷೆಗೆ ಆರಿಸಿಕೊಂಡದ್ದು ತುಮಕೂರು ಜಿಲ್ಲೆಯನ್ನು. ಚರ್ಮಪರೀಕ್ಷೆ, ಎಕ್ಸ್‌ರೇ, ಕಫಪರೀಕ್ಷೆಗಳ ಸಲಕರಣೆ ಹೊತ್ತು ತಂಡಗಳು ಇಲ್ಲಿಯ ಹಳ್ಳಿಗಳಿಗೆ ಬಂದವು. ಸಾವಿರ ಜನರಲ್ಲಿ ಸುಮಾರು ನಾಲ್ವರ ಕಫದಲ್ಲಿ ಕ್ಷಯದ ಬ್ಯಾಕ್ಟೀರಿಯಾ ಸಿಕ್ಕಿತು.

ಆ ಕಾಲದ ನಂಬಿಕೆ ಏನಿತ್ತೆಂದರೆ, ಹಳ್ಳಿಯವರಿಗೆ ರೋಗದ ಅರಿವಿಲ್ಲ, ಅವರಾಗಿ ಆಸ್ಪತ್ರೆಗೆ ಬರುವುದಿಲ್ಲ, ಎಕ್ಸ್‌ರೇ ಗಾಡಿಗಳು ಊರೂರು ತಿರುಗಿ ಅವರನ್ನು ಹುಡುಕಬೇಕು ಎಂಬುದು. ಸಂಸ್ಥೆಯಲ್ಲಿದ್ದ ಡಿ. ಬ್ಯಾನರ್ಜಿ ಮತ್ತು ಡೆನ್ಮಾರ್ಕಿನ ಸ್ಟಿಗ್ ಆ್ಯಂಡರ್ಸನ್ ಇದನ್ನು ಒರೆಗೆ ಹಚ್ಚಿದರು. ಸಮೀಕ್ಷೆಯಲ್ಲಿ ರೋಗ ಪತ್ತೆಯಾದವರನ್ನೂ ಅದೇ ಊರಿನ ಇತರರನ್ನೂ ಮನೆಗೆ ಹೋಗಿ ಮಾತನಾಡಿಸಿದರು: ಮೈಗೆ ಏನಾದರೂ ತೊಂದರೆ ಇದೆಯೆ, ಅದರ ಚಿಂತೆ ಇದೆಯೆ, ಎಲ್ಲಿಗಾದರೂ ತೋರಿಸಿದಿರಾ? ಕಫದಲ್ಲಿ ಬ್ಯಾಕ್ಟೀರಿಯಾ ಇದ್ದವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಕೆಮ್ಮಿನಂಥ ಲಕ್ಷಣಗಳ ಅರಿವಿತ್ತು, ಬಹಳ ಜನರಿಗೆ ಅದರ ಚಿಂತೆಯಿತ್ತು, ಅರ್ಧಕ್ಕೂ ಹೆಚ್ಚು ಜನ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಬರುವುದಿಲ್ಲ ಎಂದುಕೊಂಡಿದ್ದವರು ಬಂದಿದ್ದರು. ಬಂದವರ ಕಫವನ್ನು ಯಾರೂ ನೋಡಿರಲಿಲ್ಲ. ಒಂದು ಬಾಟಲಿ ಕೆಮ್ಮಿನ ಔಷಧ ಕೊಟ್ಟು ಕಳುಹಿಸಿದ್ದರು. 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಈ ಅಧ್ಯಯನದ ತಿಳಿವಳಿಕೆಯೂ ಸೇರಿ ರೂಪುಗೊಂಡ ರಾಷ್ಟ್ರೀಯ ಕಾರ್ಯಕ್ರಮವು ಊರೂರು ತಿರುಗುವ ಗಾಡಿಯನ್ನು ನೆಚ್ಚಲಿಲ್ಲ. ಸಾಮಾನ್ಯ ಆಸ್ಪತ್ರೆಗೆ ತಾನಾಗಿ ಬರುವ ಕೆಮ್ಮಿನ ರೋಗಿಯ ಕಫವನ್ನು ಅಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡುವುದನ್ನೇ ತನ್ನ ಅಡಿಪಾಯ ಮಾಡಿಕೊಂಡಿತು. ನಿಮ್ಮ ಅಜ್ಜ ಅಜ್ಜಿಯರು ಹಟ್ಟಿಯ ಮುಂದೆ ಕೂತು ಕೊಟ್ಟ ಉತ್ತರಗಳು ಒಂದು ದೇಶದ ನೀತಿಯನ್ನು ತಿದ್ದಿದವು. ಈ ಜಿಲ್ಲೆಯ ಶಾಲೆಗಳಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲವೆಂಬುದು ನನಗೆ ಬೇಸರದ ವಿಷಯ.

ಇದನ್ನು ಓದಿ ತಿಳಿದಿದ್ದೂ ನಾನು ಅದೇ ತಪ್ಪು ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಔಷಧಕ್ಕೆ ಬಾಟಲಿಯನ್ನು ರೋಗಿಗಳೇ ಮನೆಯಿಂದ ತರಬೇಕಿದ್ದ ಕಾಲದಲ್ಲಿ, ಚಿಕ್ಕ ಆಸ್ಪತ್ರೆಯೊಂದರಲ್ಲಿ ದಿನಕ್ಕೆ ನೂರೈವತ್ತು ಜನರನ್ನು ನೋಡುತ್ತಿದ್ದೆ. ಕಡಲೆಕಾಯಿ ಬಿಡಿಸುವ ಕೂಲಿಗೆ ಹೋಗುತ್ತಿದ್ದ ಹೆಂಗಸೊಬ್ಬಳು ಕೆಮ್ಮೆಂದು ಬಂದಳು. ಕೆಂಪು ಔಷಧ ಬರೆದೆ. ಮತ್ತೆ ಬಂದಳು, ಮತ್ತೆ ಬರೆದೆ. ಮೂರನೆಯ ಬಾರಿ ಸೆರಗಿನಲ್ಲಿ ರಕ್ತದ ಕಲೆ ಇತ್ತು. ಮೂರೂ ಸಲ ಅವಳ ಕೈಯಲ್ಲಿ ಅದೇ ಬಾಟಲಿಯಿತ್ತು ಎಂಬುದು ನನಗೆ ಆಗ ಹೊಳೆಯಲಿಲ್ಲ. ಅವಳು ಬದುಕಿದಳು, ಅಷ್ಟರೊಳಗೆ ಮನೆಯ ಮಗುವೊಂದಕ್ಕೆ ಸೋಂಕು ತಗುಲಿತ್ತು.

ಇಂದಿನ ನಿಯಮ ಸ್ಪಷ್ಟವಾಗಿದೆ: ಕೆಮ್ಮು ಎರಡು ವಾರ ಮುಟ್ಟಿದರೆ ಕಫಪರೀಕ್ಷೆ. ಇದರಲ್ಲಿ ಒಂದು ತೊಡಕಿರುವುದನ್ನು ಒಪ್ಪಿಕೊಳ್ಳಬೇಕು. ಸಾಧಾರಣ ವೈರಸ್ ಸೋಂಕಿನ ಕೆಮ್ಮೇ ಸರಾಸರಿ ಎರಡೂವರೆ ವಾರ ಉಳಿಯುತ್ತದೆ. ಜ್ವರ ನೆಗಡಿಗಳು ಹೋದರೂ ಸುಲಿದ ಒಳಪದರ ಮಾಯಲು ಅಷ್ಟು ಕಾಲ ಬೇಕು. ಹಾಗಾಗಿ ಪರೀಕ್ಷೆಗೆ ಬಂದವರಲ್ಲಿ ಹೆಚ್ಚಿನವರಿಗೆ ಕ್ಷಯ ಇರುವುದಿಲ್ಲ. ಜರಡಿ ಹಿಡಿದಾಗ ಕಲ್ಲಿನ ಜೊತೆ ದಪ್ಪ ಕಾಳುಗಳೂ ಮೇಲೆ ಉಳಿಯುತ್ತವೆ. ಆರಿಸಿ ತೆಗೆಯುವುದು ಮುಂದಿನ ಕೆಲಸ. ಸಂಜೆಯ ಜ್ವರ, ತೂಕ ಇಳಿಯುವುದು, ರಾತ್ರಿ ಬೆವರು, ಮನೆಯಲ್ಲಿ ಕ್ಷಯವಾದವರು ಇರುವುದು, ಸಕ್ಕರೆ ಕಾಯಿಲೆ, ಇವುಗಳಲ್ಲಿ ಯಾವುದಿದ್ದರೂ ಎರಡು ವಾರ ಕಾಯುವ ಅಗತ್ಯವೂ ಇಲ್ಲ. ಮೊದಲು ಸೂಕ್ಷ್ಮದರ್ಶಕವೊಂದೇ ಇತ್ತು. ಈಗ ಸಿಬಿನ್ಯಾಟ್, ಟ್ರೂನ್ಯಾಟ್ ಯಂತ್ರಗಳು ಒಂದೆರಡು ಗಂಟೆಗಳಲ್ಲಿ ಬ್ಯಾಕ್ಟೀರಿಯಾ ಇದೆಯೆ ಎಂಬುದನ್ನೂ, ಮುಖ್ಯ ಔಷಧವಾದ ರಿಫಾಂಪಿಸಿನ್‌ಗೆ ಅದು ಬಗ್ಗುತ್ತದೆಯೆ ಎಂಬುದನ್ನೂ ಹೇಳುತ್ತವೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧ ಉಚಿತ. ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದುದನ್ನು 2024ರ ನವೆಂಬರಿನಿಂದ 1,000ಕ್ಕೆ ಏರಿಸಲಾಗಿದೆ.

ರೋಗಿಯ ತಟ್ಟೆ ಲೋಟಗಳನ್ನು ಬೇರೆ ಇಡುವ ಪದ್ಧತಿಯ ಬಗ್ಗೆ ಒಂದು ಮಾತು. ಕ್ಷಯ ಹರಡುವುದು ಕೆಮ್ಮಿದಾಗ ಹೊರಬಂದು, ಒಣಗಿ, ಗಾಳಿಯಲ್ಲಿ ಗಂಟೆಗಟ್ಟಲೆ ತೇಲುವ ಅತಿ ಸಣ್ಣ ಕಣಗಳಿಂದ, ತಟ್ಟೆಯಿಂದಲ್ಲ. ಮುಚ್ಚಿದ ಕೋಣೆಯಲ್ಲಿ ಅವು ನಿಲ್ಲುತ್ತವೆ, ಕಿಟಕಿ ತೆರೆದರೆ ಚದುರುತ್ತವೆ. ಔಷಧ ಸರಿಯಾಗಿ ಶುರುವಾದ ಕೆಲವೇ ವಾರಗಳಲ್ಲಿ ಹರಡುವ ಶಕ್ತಿ ಬಹಳಷ್ಟು ಕುಗ್ಗುತ್ತದೆ. ಲೋಟ ಬೇರೆ ಇಟ್ಟು ಕಿಟಕಿ ಮುಚ್ಚಿಕೊಂಡು ಮಲಗುವ ಮನೆಗಳನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ.

ಪ್ರಶ್ನೆಗಳಿಗೆ ಬರುತ್ತೇನೆ. ಮುಂದಿನ ಸಾಲಿನ ತಾಯಿಯೊಬ್ಬರು, ಮೊಸರು ಮಜ್ಜಿಗೆಯಿಂದ ಕೆಮ್ಮು ಬರುತ್ತದೆಯೆ, ಜೇನು ಕೊಡಬಹುದೆ ಎಂದು ಕೇಳಿದರು. ವೈರಸ್ ಇಲ್ಲದೆ ಮಜ್ಜಿಗೆಯೊಂದೇ ನೆಗಡಿ ತರಲಾರದು. ಕೆಮ್ಮುವ ಗಂಟಲಿಗೆ ತಣ್ಣನೆಯದು ಹಿತವಲ್ಲದಿದ್ದರೆ ಬಿಡಬಹುದು, ಅಷ್ಟೇ. ಜೇನು ಮಕ್ಕಳ ರಾತ್ರಿ ಕೆಮ್ಮನ್ನು ಸ್ವಲ್ಪ ಮಟ್ಟಿಗೆ ತಗ್ಗಿಸುತ್ತದೆ ಎಂಬುದಕ್ಕೆ ಅಧ್ಯಯನಗಳ ಆಧಾರವಿದೆ. ಆದರೆ ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಲೇಬಾರದು; ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಕಣಗಳು ಶಿಶುವಿನ ಕರುಳಿನಲ್ಲಿ ಮೊಳೆತು ನರಗಳನ್ನು ಸೋಲಿಸುವ ವಿಷವನ್ನು ಹುಟ್ಟಿಸುತ್ತವೆ.

ಇನ್ನೊಬ್ಬ ಹುಡುಗ, ಅಪ್ಪನಿಗೆ ತಿಂಗಳಿಂದ ಕೆಮ್ಮಿದೆ, ಕಫ ಕೊಟ್ಟರೂ ‘ಏನೂ ಇಲ್ಲ’ ಎಂದು ಬಂತು, ಮುಂದೇನು ಎಂದು ಕೇಳಿದ. ಕೊಟ್ಟದ್ದು ಕಫವೋ ಉಗುಳೋ ಎಂಬುದನ್ನು ಮೊದಲು ತಿಳಿಯಬೇಕು. ಬೆಳಿಗ್ಗೆ ಎದ್ದ ಕೂಡಲೆ, ಏನನ್ನೂ ತಿನ್ನುವ ಮೊದಲು, ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಮನೆಯಿಂದ ಹೊರಗೆ ಬಯಲಿಗೆ ಬಂದು, ಬೇರೆಯವರಿಂದ ದೂರ ನಿಂತು, ಎರಡು ಬಾರಿ ಆಳವಾಗಿ ಉಸಿರೆಳೆದುಕೊಂಡು, ಎದೆಯ ಆಳದಿಂದ ಕೆಮ್ಮಿ ತೆಗೆದದ್ದನ್ನು ಡಬ್ಬಿಗೆ ಹಾಕಬೇಕು. ನೊರೆಯಂತೆ ತೆಳ್ಳಗಿದ್ದರೆ ಅದು ಉಗುಳು, ಪ್ರಯೋಜನವಿಲ್ಲ. ಗಟ್ಟಿಯಾಗಿ, ಎಳೆಯೆಳೆಯಾಗಿ ಇರಬೇಕು. ಮುಚ್ಚಳ ಬಿಗಿದು, ಡಬ್ಬಿಯ ಮೈಮೇಲೆ ಹೆಸರು ಬರೆದು, ಅದೇ ದಿನ ಆಸ್ಪತ್ರೆಗೆ ಮುಟ್ಟಿಸಿ. ಎದೆಯ ಎಕ್ಸ್‌ರೇ ಕೂಡ ಮಾಡಿಸಿ, ಮತ್ತು ವೈದ್ಯರು ಕೇಳದಿದ್ದರೂ ಎಷ್ಟು ದಿನದಿಂದ ಕೆಮ್ಮಿದೆ ಎಂಬುದನ್ನು ನೀನೇ ಮೊದಲು ಹೇಳು.